ಸ್ಟ್ರಾಬೆರಿ ಶಾರ್ಟ್‌ಕೇಕ್: ಓವನ್ ಇಲ್ಲದಿದ್ರೂ ನಡೀತದ

ಶಾರ್ಟ್‌ಕೇಕ್ ಅಂದ್ರ ಬೆಣ್ಣಿ ಹಾಕಿದ ಪುಡಿಪುಡಿ ಕೇಕ್ ಸೀಳಿ, ನಡುವ ಹಣ್ಣು, ಕ್ರೀಮ್ ತುಂಬೂದು. ಬೆಳಗಾವಿ ಪ್ಯಾಟ್ಯಾಗ ಮಹಾಬಳೇಶ್ವರದ ಸ್ಟ್ರಾಬೆರಿ ಬಂದಾವ್ರಿ. ಡಬ್ಬಿ ತಗೊಳ್ಳುವಾಗ ತಿರುವಿ ತಳಾ ನೋಡ್ರಿ. ಮ್ಯಾಲಿನವು ಕೆಂಪಗ ಹೊಳೀತಾವ, ಕೆಳಗಿನವು ಮೆತ್ತಗಾಗಿ ನೀರು ಬಿಟ್ಟಿರ್ತಾವ. ಹೋದ ವಾರ ನಾ ಹಂಗ ಮೋಸ ಹೋದೆ.

ತೊಟ್ಟಿನ ಸಮೇತ ತೊಳದು ಆಮ್ಯಾಲೆ ತೊಟ್ಟು ತಗೀರಿ, ಇಲ್ಲಂದ್ರ ಹಣ್ಣಿನೊಳಗ ನೀರು ಹೊಕ್ಕು ರುಚಿ ಸಪ್ಪಗಾಗ್ತದ. ಹೆಚ್ಚಿ, 2 ಚಮಚ ಸಕ್ಕರಿ ಕಲಿಸಿ ಅರ್ಧ ತಾಸು ಮುಚ್ಚಿಡ್ರಿ. ಕೆಂಪು ರಸ ತಾನ ಬಿಡ್ತದ. ಅದನ್ನ ಚೆಲ್ಲಬ್ಯಾಡ್ರಿ ಮತ್ತ!

ಅಷ್ಟರಾಗ 1 ಕಪ್ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, 2 ಚಮಚ ಸಕ್ಕರಿ, ಚಿಟಿಕಿ ಉಪ್ಪು ಕೂಡಿಸ್ರಿ. ಫ್ರಿಜ್ಜಿನ್ಯಾಗಿಂದ ಆಗಷ್ಟ ತಗದ 50 ಗ್ರಾಂ ಬೆಣ್ಣಿ ಹಾಕಿ, ಬೆರಳ ತುದೀಲೆ ತಿಕ್ಕಿ ರವಾದಂಗ ಮಾಡ್ರಿ. ತಣ್ಣನ ಹಾಲು ಕಾಲು ಕಪ್ಪಿನಷ್ಟು, ಸ್ವಲ್ಪ ಸ್ವಲ್ಪ ಹಾಕಿ ಉಂಡಿ ಕಟ್ಟಿದ್ರ ಸಾಕು. ಚಪಾತಿ ಹಿಟ್ಟಿನಂಗ ನಾದಿದ್ರ ಕೇಕ್ ಬಿರುಸಾಗ್ತದ. ನಮ್ಮ ಮನ್ಯಾಗ ಮೊದಲ ಸಲ ಆಗಿದ್ದು ಅದ.

ಮುಕ್ಕಾಲು ಇಂಚು ದಪ್ಪ ತಟ್ಟಿ, ಬೆಣ್ಣಿ ಸವರಿದ ತಾಟಿನ್ಯಾಗ ಇಡ್ರಿ. ಕುಕ್ಕರಿನ ಗ್ಯಾಸ್ಕೆಟ್, ಸೀಟಿ ತಗದು, ತಳಕ್ಕ ಉಪ್ಪು ಹರವಿ 10 ನಿಮಿಷ ಕಾಸಿ, ಸ್ಟ್ಯಾಂಡ್ ಮ್ಯಾಲೆ ತಾಟು ಇಟ್ಟು, ಮುಚ್ಚಳಾ ಮುಚ್ಚಿ ಸಣ್ಣ ಉರೀಲೆ 25 ನಿಮಿಷ ಬಿಡ್ರಿ. ಮ್ಯಾಲೆ ಓವನ್ನಿನಂಗ ಕೆಂಪಾಗೂದಿಲ್ಲ, ಕಡ್ಡಿ ಚುಚ್ಚಿ ನೋಡ್ರಿ.

ಕ್ರೀಮ್ ಬಡಿಯೂ ತ್ರಾಸ ಯಾಕ್ರಿ? ಶ್ರೀಖಂಡದ ಚಕ್ಕಾಕ್ಕ (ನೀರು ಬಸಿದ ಗಟ್ಟಿ ಮೊಸರಿಗೆ) ಸಕ್ಕರಿ ಪುಡಿ, ಏಲಕ್ಕಿ ಹಾಕಿ ಕಲಿಸ್ರಿ. ಕೇಕ್ ಪೂರ್ತಿ ಆರಿದ ಮ್ಯಾಲೆ ನಡುವ ಸೀಳಿ, ರಸ, ಹಣ್ಣು, ಚಕ್ಕಾ ಹಚ್ಚಿ ಕೂಡಲೇ ತಿನ್ನಾಕ ಕೊಡ್ರಿ. ಅಷ್ಟೂ ವ್ಯಾಳ್ಯಾ ಇಲ್ಲಂದ್ರ ಬೇಕರಿ ನಾನ್‌ಕಟಾಯಿ ಮುರದು ಬಟ್ಟಲದಾಗ ಹಾಕಿ, ಮ್ಯಾಲೆ ಹಣ್ಣು, ರಸ, ಚಕ್ಕಾ ಸುರೀರಿ.