ಬನದ ಮೂರು ಗುಂಟೆ: ಮಾಟ-ಮಂತ್ರದ ಕಾದಂಬರಿ ಬರೆದು ಗೆದ್ದ ನನ್ನ ಅನುಭವ

ಹೋದ ತಿಂಗಳು ನನ್ನ ಕಾದಂಬರಿಯ ಎರಡನೇ ಮುದ್ರಣ, 500 ಪ್ರತಿ, ಶಿವಮೊಗ್ಗಕ್ಕೆ ಬಂದು ಇಳಿಯಿತು. ಬಂಡಲ್ ಬಿಚ್ಚುವಾಗ ಭಾವ ಪಕ್ಕದಲ್ಲೇ ನಿಂತಿದ್ದರು. ನಾಲ್ಕು ವರ್ಷದ ಹಿಂದೆ "ಬೇಡ ಮಾರಾಯ, ಆ ದುಡ್ಡಲ್ಲಿ ತೋಟಕ್ಕೆ ಗೊಬ್ಬರ ಹಾಕು" ಅಂದವರು ಅವರೇ. ಒಬ್ಬ ಪ್ರಕಾಶಕರು ಇನ್ನೂ ಖಡಕ್ಕಾಗಿ ಹೇಳಿದ್ದರು: "ಮೊಬೈಲ್ ಬಂದಮೇಲೆ ದೆವ್ವಕ್ಕೆ ಜಾಗ ಇಲ್ಲ. ಈಗಿನ ಕಾಲದಲ್ಲಿ ಇಟ್ಟು ಮಾಟ-ಮಂತ್ರ ಬರೆದರೆ ಯಾರು ಓದ್ತಾರೆ?" ಓದುತ್ತಾರೆ. ಹೇಗೆ ಓದಿದರು ಅನ್ನೋದನ್ನು ಇದೇ ಜಾತಿಯ ಕಥೆ ಬರೆಯುವ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಸೋತದ್ದು ಹೇಳುತ್ತೇನೆ. 2019ರಲ್ಲಿ ಬರೆದ ಮೊದಲ ಕಾದಂಬರಿಯಲ್ಲಿ ಎಲ್ಲವೂ ಹೊರಗಿನ ಸಾಮಾನು. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಅನ್ನೋ ಮಂತ್ರವಿದ್ಯೆಯ ಗುಪ್ತ ಸಂಘದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೆ. ಅಂಥದ್ದೇ ಒಂದು ಸಂಘವನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ತಂದು ಕೂರಿಸಿದೆ. ಟ್ಯಾರೋ ಅನ್ನೋ ಭವಿಷ್ಯ ಹೇಳುವ ಇಸ್ಪೀಟಿನಂಥ ಕಟ್ಟಿನಲ್ಲಿ 78 ಎಲೆ, ಅದರಲ್ಲಿ 22 ದೊಡ್ಡವು. ಹಾಗಾಗಿ 22 ಅಧ್ಯಾಯ, ಒಂದೊಂದಕ್ಕೆ ಒಂದೊಂದು ಎಲೆಯ ಹೆಸರು. 310 ಪುಟ. 500 ಪ್ರತಿಗೆ 42 ಸಾವಿರದ ಹತ್ತಿರ ಖರ್ಚಾಯಿತು. ಮಾರಿದ್ದು ತೊಂಬತ್ತೋ ತೊಂಬತ್ತೈದೋ. ಉಳಿದದ್ದನ್ನು ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಟ್ಟದಲ್ಲಿ ಇಟ್ಟೆ. ಎರಡು ಮಳೆಗಾಲಕ್ಕೆ ಬೂಸ್ಟು ಹಿಡಿದು ಹಾಳೆಗೆ ಹಾಳೆ ಅಂಟಿಕೊಂಡಿತು.

ನಮ್ಮತ್ತಿಗೆ ಪೂರ್ತಿ ಓದಿ ಒಂದೇ ಮಾತು ಹೇಳಿದರು. "ಈ ಚೀಟಿಗೆ ಇಲ್ಲಿ ಯಾರು ಹೆದರ್ತಾರೆ? ನಮ್ಮ ಚೌಡಿ ಬನದ ಹತ್ರ ಹೋದ್ರೆ ನೀನೇ ಚಪ್ಪಲಿ ಬಿಡ್ತೀಯಲ್ಲ, ಅದನ್ನ ಬರಿ." ಚೌಡಿ ಅಂದರೆ ನಮ್ಮ ಕಡೆಯ ಭೂತ, ಬನ ಅಂದರೆ ಅದಕ್ಕೆ ಬಿಟ್ಟ ಕಾಡಿನ ತುಂಡು. ಆ ದಿನ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಟ್ಯಾರೋ ಕಟ್ಟಿನ ಒಂದು ಎಲೆಯಲ್ಲಿ ದೇವದೂತ ಕಹಳೆ ಊದುತ್ತಾನೆ, ಸತ್ತವರು ಪೆಟ್ಟಿಗೆಯಿಂದ ಏಳುತ್ತಾರೆ. ಚರ್ಚಿನಲ್ಲಿ ಬೆಳೆದವರಿಗೆ ಅದನ್ನು ನೋಡಿದರೆ ಮೈ ನಡುಗುತ್ತದೆ. ನಮ್ಮ ಓದುಗರಿಗೆ ನಡುಗಲಿಲ್ಲ.

ಎರಡನೇ ಸಲ ಇನ್ನೊಂದು ತಪ್ಪು. ಊರಿನದ್ದೇ ಬರೆಯುತ್ತೇನೆ ಅಂತ ಹೊರಟು ಅಮಾವಾಸ್ಯೆ, ನಿಂಬೆಹಣ್ಣು, ತಲೆಬುರುಡೆ, ಆಗುಂಬೆ ಮಂಜು ಎಲ್ಲವನ್ನೂ ಮೊದಲ ಇಪ್ಪತ್ತು ಪುಟದಲ್ಲೇ ಸುರಿದೆ. ಅರವತ್ತು ಪುಟ ಆದಮೇಲೆ ನನಗೇ ಬೇಜಾರಾಗಿ ಬಿಟ್ಟೆ.

ಶಿವಮೊಗ್ಗದ ದುರ್ಗಿಗುಡಿ ಕಡೆ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಪ್ರಾಜೆಕ್ಟ್ ಬೈಂಡಿಂಗಿಗೆ ಬರುವ ಕಾಲೇಜು ಹುಡುಗರು ಕಾಯುವಾಗ ಮೊಬೈಲಿನಲ್ಲಿ ಚೀನಾದ ಕಾದಂಬರಿಗಳ ಇಂಗ್ಲಿಷ್ ಅನುವಾದ ಓದುತ್ತಾರೆ. ಒಂದೊಂದು ಸಾವಿರ ಅಧ್ಯಾಯ ದಾಟಿದಂಥವು. ಅದರಲ್ಲಿ ಏನು ಹಿಡಿಸುತ್ತದೆ ಅಂತ ಕೇಳಿದೆ. ಒಬ್ಬ ಹುಡುಗ ಹೇಳಿದ: "ಹೆದರಿಕೆಗೆ ಓದಲ್ಲ ಅಣ್ಣ. ಒಂದು ಶಕ್ತಿ ಸಿಗ್ಬೇಕಾದ್ರೆ ಏನು ಕೊಡ್ಬೇಕು ಅಂತ ಒಂದು ರೂಲ್ ಇರುತ್ತೆ. ಅದನ್ನ ಹೀರೋ ಜೊತೆ ನಾವೂ ಕಂಡುಹಿಡೀತಾ ಹೋಗ್ತೀವಿ."

ಆ ಮಾತು ತಲೆಯಲ್ಲಿ ಕೂತಿತು. ರೂಲು ನಮ್ಮಲ್ಲಿ ಇಲ್ಲವಾ? ನಮ್ಮಜ್ಜಿ ಗೋಡೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು: "ಚೌಡಿಗೆ ಕೋಳಿ 1, ಕಾಯಿ 2, ಬಾಕಿ." ಮಲೆನಾಡಿನಲ್ಲಿ ಭೂತಕ್ಕೂ ಮನೆಗೂ ಇರುವ ಸಂಬಂಧ ಲೇವಾದೇವಿಯದ್ದು. ಕೇಳಿಕೊಂಡಿದ್ದು ಎಷ್ಟು, ಸಿಕ್ಕಿದ್ದು ಎಷ್ಟು, ಕೊಡಬೇಕಾದ್ದು ಎಷ್ಟು. ಮರೆತರೆ ನೆನಪಿಸುತ್ತದೆ, ಮತ್ತೂ ಮರೆತರೆ ಬಡ್ಡಿ ಸಮೇತ ವಸೂಲಿ. ನನಗೆ ಬೇಕಾದ ರೂಲು ಅಜ್ಜಿಯ ಕ್ಯಾಲೆಂಡರಿನಲ್ಲೇ ಇತ್ತು.

ನಾಯಕನೂ ಅಂಗಡಿಯಲ್ಲೇ ಸಿಕ್ಕಿದ. ದಿನಾ ಪಹಣಿ, ಪೋಡಿ ಸ್ಕೆಚ್ಚು (ಜಮೀನು ಭಾಗ ಮಾಡಿದ ನಕ್ಷೆ) ಜೆರಾಕ್ಸಿಗೆ ಬರುತ್ತವೆ. ಒಂದು ಸ್ಕೆಚ್ಚಿನ ಮೂಲೆಯಲ್ಲಿ "ಬನ" ಅಂತ ಪುಟ್ಟದಾಗಿ ಬರೆದಿತ್ತು. ನನ್ನ ನಾಯಕ ಹೊಸದಾಗಿ ಕೆಲಸಕ್ಕೆ ಸೇರಿದ ಸರ್ವೇಯರ್. ಅಳೆಯಲು ಹೋದ ಜಾಗ ಆಕಾರಬಂದಿಯಲ್ಲಿ, ಅಂದರೆ ಸರ್ಕಾರದ ಜಮೀನು ದಾಖಲೆಯಲ್ಲಿ, 2 ಎಕರೆ 10 ಗುಂಟೆ. ಅಳೆದರೆ 2 ಎಕರೆ 13 ಗುಂಟೆ. ಅಕ್ಕಪಕ್ಕದವರ ಜಾಗ ಒಂದಿಂಚೂ ಕಮ್ಮಿಯಾಗಿಲ್ಲ. ಹಾಗಾದರೆ ಆ ಮೂರು ಗುಂಟೆ ಎಲ್ಲಿಂದ ಬಂತು? ನಾಲ್ಕು ಬಾಂದುಕಲ್ಲಿನಲ್ಲಿ ಮೂರು ಸಿಗುತ್ತವೆ. ನಾಲ್ಕನೆಯದು ಬನದ ಒಳಗೆ, ಕುಂಕುಮ ಮೆತ್ತಿಕೊಂಡು, ಮುಂದೆ ಒಡೆದ ಕಾಯಿ ಇಟ್ಟುಕೊಂಡು ಕೂತಿದೆ. ಅದು ಗಡಿ ಕಲ್ಲೋ ದೇವರೋ ಅಂತ ಅವನು ಬರೆದುಕೊಳ್ಳಬೇಕು. ಅವನ ಅಳತೆ ಪುಸ್ತಕದಲ್ಲಿ ಎರಡೇ ಖಾನೆ ಇದೆ. ಅವನು ಚಪ್ಪಲಿ ಬಿಟ್ಟು ಟೇಪಿನ ತುದಿಯನ್ನು ಆ ಕಲ್ಲಿಗೆ ಹಿಡಿಯುತ್ತಾನೆ. ಟೇಪು ಆ ಕಡೆಯಿಂದ ಒಂದು ಸಲ ಮೆಲ್ಲಗೆ ಜಗ್ಗುತ್ತದೆ. ಈ ಕಥೆಯನ್ನು ವಾಟ್ಸಾಪಿನಲ್ಲಿ ಕಂತು ಕಂತಾಗಿ ಓದುಗರಿಗೆ ಕಳಿಸಿದೆ. ಮೊದಲ ಕಂತು ಅಲ್ಲಿಗೆ ಮುಗಿಸಿದೆ. ಆ ರಾತ್ರಿ ಹನ್ನೊಂದರ ತನಕ ನನ್ನ ಫೋನು ಸುಮ್ಮನಾಗಲಿಲ್ಲ.

ರೂಲು ಇಷ್ಟೇ: ತೀರಿಸದ ಹರಕೆ ಒಂದಕ್ಕೆ ಬನ ಒಂದು ಗುಂಟೆ ಬೆಳೆಯುತ್ತದೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಒಂದು ಥರ್ಟಿ-ಫಾರ್ಟಿ ಸೈಟಿಗಿಂತ ಸ್ವಲ್ಪ ಕಮ್ಮಿ. ಈ ಲೆಕ್ಕವನ್ನು ಎಲ್ಲೂ ತಪ್ಪಿಸಲಿಲ್ಲ. ಒಬ್ಬ ನಿವೃತ್ತ ಸರ್ವೇಯರ್ ಪ್ರತಿ ಕಂತನ್ನೂ ತಾಳೆ ನೋಡಿ, ಎರಡು ಸಲ ನನ್ನ ಕೂಡುವಿಕೆ ತಿದ್ದಿದರು. ಅಮಾವಾಸ್ಯೆ ಇಲ್ಲದೆಯೂ ಮೈ ಜುಮ್ಮೆನ್ನಿಸಿದ್ದು ಆ ಲೆಕ್ಕವೇ.

ಇನ್ನು ಮೊಬೈಲ್. ಎಲ್ಲರೂ ನೆಟ್‌ವರ್ಕ್ ಕತ್ತರಿಸಿಬಿಡುತ್ತಾರೆ. ಮಲೆನಾಡಿನಲ್ಲಿ ಅದು ಸುಲಭ ಕೂಡ, ಗುಡ್ಡದ ಆಚೆ ಇಳಿದರೆ ಸಿಗ್ನಲ್ ಇರಲ್ಲ. ನಾನು ಕತ್ತರಿಸಲಿಲ್ಲ. ನನ್ನ ಕಥೆಯಲ್ಲಿ ಫೋನು ಸರಿ ಇದೆ, ಜಿಪಿಎಸ್ ಸರಿ ಇದೆ, ಯುಪಿಐ ಕೂಡ ನಡೆಯುತ್ತದೆ. ಯಂತ್ರ ಸುಳ್ಳು ಹೇಳದಿದ್ದಾಗಲೇ ಓದುಗ ಬನದ ಕಡೆ ತಿರುಗಿ ನೋಡುತ್ತಾನೆ. ಕಾನೂನನ್ನೂ ಒಳಗೆ ತಂದೆ. ಮಾಟದ ಹೆಸರಿನಲ್ಲಿ ನಡೆಯುವ ಕ್ರೂರ ಆಚರಣೆಗಳ ವಿರುದ್ಧ ನಮ್ಮ ರಾಜ್ಯದಲ್ಲಿ 2017ರ ಕಾಯ್ದೆ ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ಬನದ ಗುಟ್ಟು ಗೊತ್ತಿರುವ ಮುದುಕನಿಗೆ ಭೂತಕ್ಕಿಂತ ಪೊಲೀಸ್ ಕೇಸಿನ ಭಯ. ಅದಕ್ಕೇ ಬಾಯಿ ಬಿಡಲ್ಲ. ಗುಟ್ಟು ಕಾಪಾಡಿಕೊಳ್ಳಲು ಇದಕ್ಕಿಂತ ಒಳ್ಳೆ ಕಾರಣ ನನಗೆ ಸಿಕ್ಕಿಲ್ಲ.

ಈ ನಡುವೆ ಅಂಜನದ, ಅಂದರೆ ಕಾಡಿಗೆ ಬಳಿದು ಅದರಲ್ಲಿ ಕಣ್ಣಿಗೆ ಕಾಣದ್ದನ್ನು ನೋಡುವ ಪದ್ಧತಿಯ, ಹುಚ್ಚು ಹಿಡಿಯಿತು. ಹರಳೆಣ್ಣೆ ದೀಪದ ಕಪ್ಪನ್ನು ಹಿತ್ತಾಳೆ ತಟ್ಟೆಗೆ ಹಿಡಿಸಿ, ಎಣ್ಣೆಯಲ್ಲಿ ಕಲಸಿ, ವೀಳ್ಯದೆಲೆಗೆ ಬಳಿದು, ಕತ್ತಲೆ ಕೋಣೆಯಲ್ಲಿ ಕೂತೆ. ಮೂರು ರಾತ್ರಿ ಕಣ್ಣು ಉರಿದದ್ದು ಬಿಟ್ಟರೆ ಏನೂ ಇಲ್ಲ. ನಾಲ್ಕನೇ ರಾತ್ರಿ ಎಲೆ ಬದಲು ಕನ್ನಡಿ ಇಟ್ಟೆ, ದೀಪವನ್ನು ಬೆನ್ನ ಹಿಂದೆ ಇಟ್ಟೆ. ಐದಾರು ನಿಮಿಷಕ್ಕೆ ನನ್ನ ಮುಖ ನನ್ನದಲ್ಲದ ಹಾಗೆ ಕಂಡಿತು. ದವಡೆ ಉದ್ದವಾಯಿತು, ಒಂದು ಕಣ್ಣು ಅಳಿಸಿಹೋಯಿತು. ಎದ್ದು ಲೈಟ್ ಹಾಕಿದೆ. ಆಮೇಲೆ ಓದಿದಾಗ ಗೊತ್ತಾಯಿತು: ಇಟಲಿಯ ಮನಶ್ಶಾಸ್ತ್ರಜ್ಞ ಜೊವಾನಿ ಕಪುಟೊ 50 ಜನರನ್ನು ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿ ಮುಂದೆ ಕೂರಿಸಿ, 2010ರಲ್ಲಿ ಇದನ್ನೇ ಬರೆದಿದ್ದಾರೆ. ಕಾರಣ ಗೊತ್ತಾದ ಮೇಲೂ ಆ ಐದು ನಿಮಿಷದ ತೂಕ ಕಮ್ಮಿಯಾಗಲಿಲ್ಲ. ಅದನ್ನು ಹಾಗೇ 17ನೇ ಕಂತಿಗೆ ಹಾಕಿದೆ.

ದುಡ್ಡಿನ ವಿಷಯ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ವಾರಕ್ಕೊಂದು ಕಂತು ಕಳಿಸಿದೆ. ಒಂದು ಲಿಸ್ಟಿಗೆ 256 ಜನ, ಅವರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿರಬೇಕು, ಅದು ನಿಮಗೆ ಗೊತ್ತು. ಮೊದಲ ಹತ್ತು ಕಂತು ಪುಕ್ಕಟೆ. ಆಗ 180 ಜನರಿದ್ದರು. ತಿಂಗಳಿಗೆ 40 ರೂಪಾಯಿ ಅಂದ ಕೂಡಲೇ 55ಕ್ಕೆ ಇಳಿಯಿತು. ಆ ವಾರ ನಿದ್ದೆ ಬರಲಿಲ್ಲ. 14ನೇ ಕಂತಿನಲ್ಲಿ ಓದುಗರ ಕೈಲಿ ಒಂದು ಕೆಲಸ ಮಾಡಿಸಿದೆ, ಅಲ್ಲಿಂದ ಸಂಖ್ಯೆ ಏರುತ್ತಾ ಹೋಯಿತು. ಏನು ಕೆಲಸ ಅಂತ ಇಲ್ಲಿ ಬರೆಯಲ್ಲ, ಮುಂದಿನ ಪುಸ್ತಕಕ್ಕೆ ಬೇಕು. 38 ಕಂತು ಮುಗಿಯುವಾಗ 300 ದಾಟಿತ್ತು. ಒಟ್ಟು 50-55 ಸಾವಿರ ಬಂದಿರಬಹುದು. ಆ ದುಡ್ಡಲ್ಲೇ ಅಚ್ಚು ಹಾಕಿಸಿದೆ: ಡೆಮಿ 1/8 ಅಳತೆ, 248 ಪುಟ, 500 ಪ್ರತಿ, 41 ಸಾವಿರ. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತುಗಳೆಲ್ಲ ಚೆದುರಿ, ಕರಡು ತಿದ್ದಲು ನಾಲ್ಕು ರಾತ್ರಿ ಹೋಯಿತು. ಬೆಲೆ 260. ನೇರವಾಗಿ ಅಂಚೆಯಲ್ಲಿ 320 ಪ್ರತಿಯ ಹತ್ತಿರ ಹೋಯಿತು. ಒಬ್ಬ ವಿತರಕರು ನೂರೈವತ್ತು ಪ್ರತಿಯನ್ನು 40 ಪರ್ಸೆಂಟ್ ಕಮಿಷನ್ನಿಗೆ ಒಯ್ದು, ಎಂಟು ತಿಂಗಳಾದರೂ ಲೆಕ್ಕ ಕೊಟ್ಟಿಲ್ಲ. ಎರಡನೇ ಮುದ್ರಣವನ್ನು ಯಾವ ವಿತರಕರಿಗೂ ಕೊಡುವುದಿಲ್ಲ.

ಈಗ ಮುಂದಿನದಕ್ಕೆ ಕೈ ಹಾಕಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಎಷ್ಟೋ ಊರು ಶರಾವತಿ ಹಿನ್ನೀರಿನಡಿ ಹೋದವು. ಹಳೆಯ ಮಡೆನೂರು ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಗೋಡೆ ಕಾಣುತ್ತದೆ. ಮುಳುಗಿದ ಮನೆಗಳವರು ಬನವನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದಾರೆ. ಆ ಹರಕೆಗಳ ಬಾಕಿ ಈಗ ಯಾರ ಹೆಸರಿನಲ್ಲಿದೆ? ಮೇ ತಿಂಗಳಲ್ಲಿ ನೀರು ತಳ ಕಂಡಾಗ ಹೋಗಿ ನೋಡಿ ಬರಬೇಕು. ಭಾವ ತಾವೂ ಬರುತ್ತೇನೆ ಅಂದಿದ್ದಾರೆ. ಮೂವತ್ತು ಮೀಟರ್ ಟೇಪು ಅವರೇ ತಂದುಕೊಟ್ಟರು.