ಮಾವಿನ ವಾಟೆಯಿಂದ ಹಾಳೆ ಮಾಡಿದ್ದು

ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಬಂತೆಂದರೆ ವಾಟೆಗಳ ಗುಡ್ಡೆಯೂ ಏಳುತ್ತದೆ. ಹಣ್ಣಿನ ರಸ ತೆಗೆಯುವ ಫ್ಯಾಕ್ಟರಿಗಳಿಂದ ಲೋಡುಗಟ್ಟಲೆ ಬರುತ್ತದೆ. ವಾಟೆಯೊಳಗಿನ ಬೀಜ ಒಣಗಿಸಿದರೆ ಹೆಚ್ಚುಕಡಿಮೆ ಅರ್ಧ ತೂಕ ಪಿಷ್ಟವೇ. ಸುಮ್ನೆ ಕೊಳೆಯಲು ಬಿಡುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಆ ಪಿಷ್ಟದಿಂದ ತಿನ್ನುವ ಪದಾರ್ಥ ಸುತ್ತಿಡಲು ಪ್ಲಾಸ್ಟಿಕ್‌ನಂಥ ತೆಳು ಹಾಳೆ ಮಾಡಿ ನೋಡಿದೆ.

ಬೀಜ ಹೆಚ್ಚುತ್ತಿದ್ದ ಹಾಗೇ ಬದನೆಕಾಯಿ ಥರ ಕಪ್ಪಾಗುತ್ತದೆ. ಅದಕ್ಕೇ ಚೂರುಗಳನ್ನು ತಕ್ಷಣ ಕಪ್ಪಾಗುವುದನ್ನು ತಡೆಯುವ ಸೋಡಿಯಂ ಮೆಟಾಬೈಸಲ್ಫೈಟ್ ಪುಡಿ ಚಿಟಿಕೆ ಹಾಕಿದ ನೀರಿಗೆ ಬಿಟ್ಟೆ. ಆಮೇಲಿನದು ಮಗುವಿನ ಸರಿಗೆ ರಾಗಿ ಹಾಲು ತೆಗೆಯುವ ಕೆಲಸವೇ. ರುಬ್ಬಿ, ಹಳೇ ಪಂಚೆಯಲ್ಲಿ ಸೋಸಿ, ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ತಿಳಿ ಬಸಿದರೆ ತಳದಲ್ಲಿ ಬೆಳ್ಳಗೆ ಪಿಷ್ಟ. ಒಗರು ಹೋಗಲು ನಾಲ್ಕು ಸಲ ನೀರು ಬದಲಿಸಿ, ಒಣಗಿಸಿಕೊಂಡೆ.

100 ಮಿ.ಲೀ. ನೀರಿಗೆ 5 ಗ್ರಾಂ ಪಿಷ್ಟ, ಹಾಳೆ ಮುರಿಯದೆ ಬಾಗಲೆಂದು ಒಂದೂವರೆ ಗ್ರಾಂ ಗ್ಲಿಸರಿನ್. ಸಂಡಿಗೆ ಹಿಟ್ಟು ಕಾಯಿಸುವ ಹಾಗೆ ಕೈಬಿಡದೆ ತಿರುವಬೇಕು. 80 ಡಿಗ್ರಿ ದಾಟಿದ ಮೇಲೆ ಹಾಲಿನ ಬಣ್ಣ ಹೋಗಿ ಗಂಜಿ ತಿಳಿಯಾಗುತ್ತದೆ, ಸೌಟಿಗೆ ಅಂಟಿಕೊಂಡು ಜಾರುತ್ತದೆ. ಗುಳ್ಳೆ ಒಡೆಯುವವರೆಗೆ ಕಾದು, ಸಮವಾಗಿ ಕೂತ ಟ್ರೇಗೆ ಸುರಿದು, ಡ್ರೈಯರ್‌ನಲ್ಲಿ 45 ಡಿಗ್ರಿಗೆ ಒಂದು ದಿನ ಇಟ್ಟೆ. ಗ್ಲಿಸರಿನ್ ಕಡಿಮೆ ಹಾಕಿದ್ದು ಹಪ್ಪಳದಂತೆ ಮುರಿಯಿತು. ಎರಡರಷ್ಟು ಹಾಕಿದ್ದು ಬೆರಳಿಗೇ ಅಂಟಿತು.

ಮೊದಲು ಹಾಳೆಯಲ್ಲಿ ಟೊಮೆಟೊ ಸುತ್ತಿಟ್ಟೆ. ಎರಡೇ ದಿನಕ್ಕೆ ಹಾಳೆ ಮೆತ್ತಗಾಗಿ ಜೋಲುಬಿತ್ತು. ಪಿಷ್ಟ ತೇವ ಕಂಡರೆ ಹೀರುತ್ತದೆ, ಅಲ್ವಾ? ಆದರೆ ಒಣಗಿದ್ದಾಗ ಅದು ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ. ಎಣ್ಣೆ ಪದಾರ್ಥ ಕಮಟಾಗುವುದು ಹೆಚ್ಚಾಗಿ ಆಮ್ಲಜನಕದಿಂದಲೇ. ಅಲ್ಲಿಂದ ನನ್ನ ದಾರಿ ಬದಲಾಯಿತು. ಹುರಿದ ಕಡಲೆಕಾಯಿ ಬೀಜವನ್ನು ಈ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟೆ. ಪಕ್ಕದ ಡಬ್ಬಿಯಲ್ಲಿ ಬಿಡಿಬೀಜ. ಬಿಡಿಬೀಜ ಕಮಟು ವಾಸನೆ ಹೊಡೆದಾಗಲೂ ಪೊಟ್ಟಣದ್ದು ತಿನ್ನಲು ಚೆನ್ನಾಗಿಯೇ ಇತ್ತು. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಪಿಷ್ಟದಂಥ ವಸ್ತುವಿನಿಂದ ಮಾಡಿದ ಇಂಥ ಜೈವಿಕ ಪ್ಲಾಸ್ಟಿಕ್ ಎಂದರೆ ಎಲ್ಲದಕ್ಕೂ ಆಗುತ್ತದೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಸೊಪ್ಪು, ತರಕಾರಿಗೆ ಇದು ಬೇಡ. ಒಣ ಪದಾರ್ಥದ ಒಳಪೊಟ್ಟಣಕ್ಕೆ ಸರಿ.

ಹಾಳೆ ತೇವ ಹೀರುವುದು ಕಡಿಮೆಯಾಗಲೆಂದು ಈ ಸಲ ಜೇನುಮೇಣ ಸೇರಿಸುತ್ತಿದ್ದೇನೆ. ಮೇಣ ನೀರಿನಲ್ಲಿ ಬೆರೆಯುವುದಿಲ್ಲ, ಗಂಜಿ ಬಿಸಿ ಇರುವಾಗಲೇ ಬ್ಲೆಂಡರ್ ಆಡಿಸಬೇಕು. ಹಾಳೆ ಸ್ವಲ್ಪ ಮಬ್ಬಾಗಿ ಬಂದಿದೆ. ಆದರೆ ಮೇಲೆ ಬಿಟ್ಟ ನೀರಿನ ಹನಿ ಈಗ ಮೊದಲಿನಂತೆ ಕೂಡಲೇ ಇಂಗುತ್ತಿಲ್ಲ.