ಚಳಿಗಾಲದ ಸ್ಲೀಪಿಂಗ್ ಬ್ಯಾಗ್ ವರ್ಷಗಟ್ಟಲೆ ಬೆಚ್ಚಗೆ ಉಳಿದದ್ದು ಹೇಗೆ: ನನ್ನ ಅನುಭವ

ನನ್ನ ಹತ್ತಿರ ಇರುವುದು ಡೌನ್ ತುಂಬಿದ ಮಮ್ಮಿ ಆಕಾರದ, ಅಂದರೆ ಕಾಲಿನ ಕಡೆ ಕಿರಿದಾಗುತ್ತಾ ಹೋಗುವ ಬ್ಯಾಗ್. ಡೌನ್ ಅಂದರೆ ಬಾತು, ಹೆಬ್ಬಾತುಗಳ ಎದೆಯ ಮೆತ್ತನೆ ತುಪ್ಪುಳ. ಕಂಫರ್ಟ್ ರೇಟಿಂಗ್ ಮೈನಸ್ 10 ಡಿಗ್ರಿ. ಹಿಮ ಬೀಳುವ ಜಾಗಗಳಿಗೆ ವರ್ಷಗಳಿಂದ ಇದನ್ನೇ ಹೊತ್ತುಕೊಂಡು ಹೋಗುತ್ತಿದ್ದೇನೆ. ಇವತ್ತಿಗೂ ಹರಡಿ ಕೊಡವಿದರೆ ಚೆನ್ನಾಗಿ ಉಬ್ಬುತ್ತದೆ. ಯಾವ ಬ್ಯಾಗ್ ಕೊಳ್ಳಬೇಕು ಅಂತ ಎಲ್ಲರೂ ಕೇಳುತ್ತಾರೆ, ಕೊಂಡದ್ದನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಕೇಳುವವರು ಕಡಿಮೆ. ನನಗೆ ಹೇಳಬೇಕಾಗಿರುವುದು ಅದೇ. ಡೌನ್ ಒಣಗಿರಬೇಕು. ಉಳಿದದ್ದೆಲ್ಲ ಅದರ ನಂತರ.

ಆದರೂ ರೇಟಿಂಗ್ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಈಗಿನ ಒಳ್ಳೆಯ ಬ್ಯಾಗ್‌ಗಳಲ್ಲಿ ಐಎಸ್‌ಒ 23537 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಅಳೆದ ಅಂಕಿ ಇರುತ್ತದೆ, ಹಳೆಯ ಬ್ಯಾಗ್‌ಗಳಲ್ಲಿ ಇಎನ್ 13537. ಒಳಗಿನಿಂದ ಬಿಸಿಯಾಗುವ ಗೊಂಬೆಗೆ ಬಟ್ಟೆ ತೊಡಿಸಿ, ಮ್ಯಾಟ್ ಮೇಲೆ ಬ್ಯಾಗಿನೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅಳೆಯುತ್ತಾರೆ. ಕಂಫರ್ಟ್ ಅಂದರೆ ಆರಾಮವಾಗಿ ನಿದ್ದೆ ಬರುವ ತಾಪ. ಲಿಮಿಟ್ ಅಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ಅನ್ನುವುದು ಜೀವ ಉಳಿಸಿಕೊಳ್ಳುವ ಮಾತು, ನಿದ್ದೆಯ ಲೆಕ್ಕವೇ ಅಲ್ಲ. ಬ್ಯಾಗಿನ ಹೆಸರಿನ ಪಕ್ಕ ದೊಡ್ಡದಾಗಿ ಬರೆದಿರುವ ಅಂಕಿ ಎಷ್ಟೋ ಸಲ ಲಿಮಿಟ್ ಆಗಿರುತ್ತದೆ, ಹಾಗಾಗಿ ಒಳಗಿನ ಚೀಟಿ ನೋಡಿ ಕಂಫರ್ಟ್ ಎಷ್ಟು ಅಂತ ಖಚಿತ ಮಾಡಿಕೊಳ್ಳಿ. ಹೋಗುವ ಜಾಗದ ರಾತ್ರಿಯ ತಾಪಕ್ಕಿಂತ ನಾಲ್ಕೈದು ಡಿಗ್ರಿ ಕೆಳಗಿನದನ್ನೇ ನಾನು ಆರಿಸುವುದು. ದಣಿದಾಗ, ಹಸಿದಾಗ ಮೈ ಬಿಸಿ ಹುಟ್ಟಿಸುವುದು ಕಮ್ಮಿ ಅಲ್ವಾ, ಆ ಅಂತರ ಆಗ ಕೈ ಹಿಡಿಯುತ್ತದೆ.

ಬ್ಯಾಗ್ ತಾನಾಗಿ ಬಿಸಿ ಕೊಡುವುದಿಲ್ಲ. ತುಪ್ಪುಳದ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ, ಅಷ್ಟೇ. ಡೌನ್ ಎಷ್ಟು ಉಬ್ಬುತ್ತದೆ ಅನ್ನುವುದರ ಅಳತೆಯೇ ಫಿಲ್ ಪವರ್. ಅದು 800 ಅಂದರೆ ಸುಮಾರು 28 ಗ್ರಾಂ ಡೌನ್, ಅಂದರೆ ಒಂದು ಔನ್ಸ್, 800 ಘನ ಅಂಗುಲದಷ್ಟು ಜಾಗ ತುಂಬುತ್ತದೆ. ಸುಮಾರು 13 ಲೀಟರ್. ತೇವ ತಾಗಿದರೆ ಆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಬ್ಬು ಇಳಿಯುತ್ತದೆ, ಗಾಳಿಗೆ ಜಾಗವೇ ಇಲ್ಲ. ಮೈಯ ಎಣ್ಣೆ, ಬೆವರಿನ ಉಪ್ಪು ಕೂಡ ನಿಧಾನವಾಗಿ ಇದೇ ಕೆಲಸ ಮಾಡುತ್ತವೆ.

ಮಳೆ, ಹಿಮದಿಂದ ಬ್ಯಾಗ್ ಕಾಪಾಡಲು ಎಲ್ಲರಿಗೂ ಗೊತ್ತು. ಪ್ಯಾಕಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿದರೆ ಮುಗಿಯಿತು. ಕಷ್ಟವಿರುವುದು ನಮ್ಮ ಮೈಯಿಂದಲೇ ಬರುವ ತೇವದಲ್ಲಿ. ಬೆವರದಿದ್ದರೂ ಚರ್ಮದಿಂದ ರಾತ್ರಿಯಿಡೀ ಆವಿ ಹೋಗುತ್ತಲೇ ಇರುತ್ತದೆ. ಹೊರಗೆ ಕೊರೆಯುವ ಚಳಿ ಇದ್ದರೆ ಆ ಆವಿ ಡೌನ್ ಪದರದೊಳಗೇ ತಣ್ಣಗಾಗಿ ನೀರಾಗುತ್ತದೆ, ಇನ್ನೂ ಚಳಿ ಇದ್ದರೆ ಅಲ್ಲೇ ಹಿಮವಾಗುತ್ತದೆ. ಒಂದು ರಾತ್ರಿಗೆ ಗೊತ್ತಾಗುವುದಿಲ್ಲ. ಬಿಸಿಲಿಲ್ಲದ ದಿನಗಳು ಒಂದರ ಹಿಂದೆ ಒಂದು ಬಂದರೆ ಬ್ಯಾಗ್ ದಿನದಿನಕ್ಕೆ ತೆಳುವಾಗುತ್ತದೆ, ಭಾರವಾಗುತ್ತದೆ.

ಇದಕ್ಕೆ ನಾನು ಮಾಡುವುದು ಇಷ್ಟು. ಮೂಗು ಬಾಯಿ ಯಾವಾಗಲೂ ಹುಡ್‌ನಿಂದ ಹೊರಗೆ. ಮುಖಕ್ಕೆ ಚಳಿಯಾದರೆ ಉಣ್ಣೆಯ ಮಫ್ಲರ್ ಸುತ್ತಿಕೊಳ್ಳುತ್ತೇನೆ, ಉಸಿರನ್ನು ಮಾತ್ರ ಒಳಗೆ ಬಿಡುವುದಿಲ್ಲ. ಒದ್ದೆ ಸಾಕ್ಸ್ ಬ್ಯಾಗಿನೊಳಗೆ ಇಟ್ಟು ಒಣಗಿಸುವ ಅಭ್ಯಾಸ ಕೆಲವರಿಗೆ ಇದೆ. ಆ ನೀರು ಎಲ್ಲಿಗೆ ಹೋಗುತ್ತದೆ ಹೇಳಿ? ಡೌನ್‌ಗೇ. ಟೆಂಟಿನ ಗಾಳಿಕಿಂಡಿ ಎಷ್ಟೇ ಚಳಿಯಾದರೂ ತೆರೆದೇ ಇಡುತ್ತೇನೆ, ಇಲ್ಲದಿದ್ದರೆ ಒಳಗೋಡೆ ಪೂರ್ತಿ ಹನಿಗಟ್ಟುತ್ತದೆ. ಕಾಲಿನ ಕಡೆ ಬ್ಯಾಗ್ ಆ ಗೋಡೆಗೆ ತಾಗುತ್ತದೆ, ಅದಕ್ಕೆ ಮಳೆ ಜಾಕೆಟ್ಟನ್ನು ಕಾಲಿನ ಭಾಗದ ಮೇಲೆ ಹೊದಿಸುತ್ತೇನೆ. ತುಂಬಾ ಚಳಿಯ, ತುಂಬಾ ದಿನದ ನಡಿಗೆಯಾದರೆ ಬ್ಯಾಗಿನ ಮೇಲೆ ತೆಳು ಸಿಂಥೆಟಿಕ್ ಕ್ವಿಲ್ಟ್ ಹಾಕುತ್ತೇನೆ. ಆವಿ ತಣ್ಣಗಾಗುವ ಜಾಗ ಆಗ ಆ ಕ್ವಿಲ್ಟ್‌ಗೆ ಸರಿಯುತ್ತದೆ. ಸಿಂಥೆಟಿಕ್‌ಗೆ ತೇವ ತಾಗಿದರೂ ಡೌನ್‌ನಷ್ಟು ಸೋಲುವುದಿಲ್ಲ. ವೇಪರ್ ಬ್ಯಾರಿಯರ್ ಲೈನರ್ ಇನ್ನೊಂದು ದಾರಿ. ಗಾಳಿಯಾಡದ ಚೀಲದೊಳಗೆ ಮಲಗಿ ಆಮೇಲೆ ಬ್ಯಾಗಿನೊಳಗೆ ಹೋಗುವುದು. ಆವಿ ಡೌನ್ ತಲುಪುವುದೇ ಇಲ್ಲ, ಆದರೆ ಮೈ ಜಿಗುಟಾಗುತ್ತದೆ. ಮೈನಸ್ 15, 20ರ ಚಳಿ ಇಲ್ಲದೆ ನಾನದನ್ನು ತೆಗೆಯುವುದಿಲ್ಲ.

ಬೆಳಿಗ್ಗೆ ಎದ್ದ ತಕ್ಷಣ, ಬ್ಯಾಗ್ ಇನ್ನೂ ಬೆಚ್ಚಗಿರುವಾಗಲೇ, ಝಿಪ್ ಎಳೆದು ಕಾಲಿನ ಕಡೆಯಿಂದ ಒತ್ತಿ ಒಳಗಿನ ಹಸಿ ಗಾಳಿ ಹೊರಗೆ ಹಾಕಿಬಿಡುತ್ತೇನೆ. ಆಮೇಲೆ ಒಳಗಿನದು ಹೊರಗೆ ಬರುವ ಹಾಗೆ ತಿರುಗಿಸಿ ಟೆಂಟಿನ ಮೇಲೆ ಹಾಕುತ್ತೇನೆ. ಮಧ್ಯಾಹ್ನ ಬಿಸಿಲು ಸಿಕ್ಕಿತೋ, ಊಟಕ್ಕೆ ಕೂತಲ್ಲೇ ಮತ್ತೆ ಬಿಚ್ಚಿ ಹರಡುತ್ತೇನೆ. ನನ್ನ ಬ್ಯಾಗಿನ ಒಳಬಟ್ಟೆ ಕಪ್ಪು, ಬೇಗ ಬಿಸಿಯಾಗುತ್ತದೆ. ಅರ್ಧ ಗಂಟೆ ಸಾಕು. ಜೊತೆಯವರಿಗೆ ಇದು ಅತಿ ಅನಿಸಬಹುದು, ಆದರೆ ರಾತ್ರಿ ವ್ಯತ್ಯಾಸ ಗೊತ್ತಾಗುತ್ತದೆ.

ಮ್ಯಾಟ್ ಬಗ್ಗೆ ಚಿಕ್ಕದಾಗಿ. ನಮ್ಮ ಭಾರಕ್ಕೆ ಅಡಿಯ ಡೌನ್ ಚಪ್ಪಟೆಯಾಗುತ್ತದೆ, ನೆಲದ ಚಳಿ ತಡೆಯುವುದು ಮ್ಯಾಟೇ. ಮ್ಯಾಟ್ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ ಆರ್-ವ್ಯಾಲ್ಯೂ, ಎರಡು ಮ್ಯಾಟ್‌ಗಳದ್ದನ್ನು ಕೂಡಿಸಬಹುದು. 4ರ ಗಾಳಿ ಮ್ಯಾಟ್ ಕೆಳಗೆ 2ರ ಫೋಮ್ ಮ್ಯಾಟ್ ಹಾಕಿದರೆ ಸುಮಾರು 6. ಹಿಮದ ಮೇಲೆ ನಾನು ಎರಡೂ ಹಾಕುತ್ತೇನೆ, ಗಾಳಿ ಮ್ಯಾಟ್ ತೂತಾದರೂ ಫೋಮ್ ಇರುತ್ತದೆ ಅನ್ನುವ ಧೈರ್ಯ ಬೇರೆ.

ಮನೆಯಲ್ಲಿ ಬ್ಯಾಗನ್ನು ಯಾವತ್ತೂ ಒತ್ತಿ ಇಡುವುದಿಲ್ಲ. ಸಡಿಲವಾದ ದೊಡ್ಡ ಹತ್ತಿ ಚೀಲದಲ್ಲಿ, ಒಣ ಜಾಗದಲ್ಲಿ ಇರುತ್ತದೆ. ದಾರಿಯಲ್ಲೂ ಮಡಚುವುದಿಲ್ಲ, ಸುರುಳಿ ಸುತ್ತುವುದಿಲ್ಲ. ಕಾಲಿನ ಭಾಗದಿಂದ ಹಿಡಿಹಿಡಿಯಾಗಿ ಚೀಲಕ್ಕೆ ತುರುಕುತ್ತೇನೆ. ಪ್ರತಿ ಸಲ ಬೇರೆ ಬೇರೆ ಕಡೆ ಮಡಿಕೆ ಬೀಳುವುದು ಒಳ್ಳೆಯದು. ಕ್ಯಾಂಪ್ ತಲುಪಿದರೆ ಟೆಂಟ್ ನಿಲ್ಲಿಸಿದ ಕೂಡಲೇ ಮೊದಲು ಬ್ಯಾಗ್ ಬಿಚ್ಚುವುದು, ಉಬ್ಬಲು ಒಂದು ಗಂಟೆಯಾದರೂ ಬೇಕು.

ತೊಳೆಯಲು ತುಂಬಾ ಜನ ಹೆದರುತ್ತಾರೆ. ಹೆದರಬೇಡಿ. ಕೊಳೆಯಾದ ಡೌನ್ ಉಬ್ಬುವುದಿಲ್ಲ, ತೊಳೆದರೆ ಮತ್ತೆ ಜೀವ ಬರುತ್ತದೆ. ಒಳಗೆ ರೇಷ್ಮೆ ಲೈನರ್ ಬಳಸುವುದರಿಂದ ನನಗೆ ಅಪರೂಪಕ್ಕೆ ಮಾತ್ರ ತೊಳೆಯಬೇಕಾಗುತ್ತದೆ. ಕತ್ತಿನ ಕಡೆ ಬಟ್ಟೆ ಜಿಡ್ಡಾಗಿ, ಹೊರಗಿನಿಂದ ಮುಟ್ಟಿದರೆ ಒಳಗೆ ಚಿಕ್ಕ ಗಂಟುಗಳು ಸಿಕ್ಕರೆ ಕಾಲ ಬಂತು ಅಂತ ಅರ್ಥ. ಮುಂದಿನಿಂದ ಬಾಗಿಲು ತೆರೆಯುವ ದೊಡ್ಡ ಮಷೀನ್ ಆಗಬೇಕು, ನಡುವೆ ಕಂಬ ತಿರುಗುವ ಮಷೀನಿನಲ್ಲಿ ಬ್ಯಾಗಿನ ಒಳಗೆ ಡೌನನ್ನು ಕೋಣೆ ಕೋಣೆಯಾಗಿ ಬೇರ್ಪಡಿಸುವ ಬಟ್ಟೆಯ ಗೋಡೆಗಳು ಹರಿದುಹೋಗುತ್ತವೆ. ಡೌನ್‌ಗೆಂದೇ ಮಾಡಿದ ಸೋಪು, ಅದೂ ಸ್ವಲ್ಪ. ಮಾಮೂಲಿ ಡಿಟರ್ಜೆಂಟ್ ತುಪ್ಪುಳದ ಸಹಜ ಎಣ್ಣೆಯನ್ನೇ ತೆಗೆದುಬಿಡುತ್ತದೆ, ಫ್ಯಾಬ್ರಿಕ್ ಸಾಫ್ಟ್‌ನರ್ ಅಂತೂ ಬೇಡವೇ ಬೇಡ. ನೊರೆ ನಿಲ್ಲುವ ತನಕ ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸುತ್ತೇನೆ.

ಹೊರಗೆ ತೆಗೆಯುವಾಗ ಎಚ್ಚರ. ನೆಂದ ಬ್ಯಾಗನ್ನು ಒಂದು ತುದಿ ಹಿಡಿದು ಎತ್ತಬಾರದು. ನೀರಿನ ಭಾರಕ್ಕೆ ಒಳಗಿನ ತೆಳು ಬಲೆಗೋಡೆಗಳು ಕಿತ್ತುಹೋಗುತ್ತವೆ. ಎರಡೂ ತೋಳು ಅಡಿಗೆ ಹಾಕಿ, ಮಗುವನ್ನು ಎತ್ತಿದ ಹಾಗೆ ಎತ್ತುತ್ತೇನೆ. ಆಮೇಲೆ ಡ್ರೈಯರ್, ತೀರಾ ಕಡಿಮೆ ಬಿಸಿ, ಜೊತೆಗೆ ಎರಡು ಮೂರು ಟೆನಿಸ್ ಚೆಂಡು. ಚೆಂಡುಗಳು ಬಡಿದು ಬಡಿದು ಗಂಟು ಬಿಡಿಸುತ್ತವೆ. ಗಂಟೆಗಟ್ಟಲೆ ಬೇಕು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಆದ್ದರಿಂದ ಬೆಳಕಿಗೆ ಹಿಡಿದು ಕಪ್ಪು ಉಂಡೆಗಳು ಕಾಣುತ್ತವೆಯೇ ನೋಡಿ, ಕಂಡರೆ ಬೆರಳಿನಿಂದ ಬಿಡಿಸಿ ಮತ್ತೆ ಹಾಕುತ್ತೇನೆ. ಪೂರ್ತಿ ಒಣಗಿದ ಮೇಲೂ ಒಂದೆರಡು ದಿನ ಗಾಳಿಗೆ ಹರವಿ ಬಿಡುವುದು.

ರಿಪೇರಿ ಚಿಕ್ಕಪುಟ್ಟದ್ದೇ. ಬಟ್ಟೆಯಿಂದ ಪುಕ್ಕ ಇಣುಕಿದರೆ ಹೊರಗೆ ಎಳೆಯಬೇಡಿ, ಒಂದರ ಹಿಂದೆ ಇನ್ನಷ್ಟು ಬರುತ್ತವೆ. ಬಟ್ಟೆಯ ಆಚೆ ಬದಿಯಿಂದ ಬೆರಳಲ್ಲಿ ಹಿಡಿದು ಒಳಗೆ ಎಳೆದುಕೊಳ್ಳಿ. ಹರಿದ ಕಡೆ ನೈಲಾನ್ ರಿಪೇರಿ ಟೇಪ್, ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಏಳುವುದಿಲ್ಲ.

ಇಷ್ಟೆಲ್ಲ ಆದರೂ ಎದೆಯ ಮೇಲಿನ ಎರಡು ಕೋಣೆಗಳು ಈಗ ಉಳಿದವಕ್ಕಿಂತ ಸ್ವಲ್ಪ ತೆಳುವಾಗಿವೆ. ತೊಳೆದರೂ ಅಲ್ಲಿ ಮೊದಲಿನಷ್ಟು ಉಬ್ಬು ಬರಲಿಲ್ಲ. ಹೊಸ ಬ್ಯಾಗ್ ಕೊಳ್ಳುವ ಯೋಚನೆ ಇಲ್ಲ. ಮುಂದಿನ ಚಳಿಗಾಲಕ್ಕೆ ಮುಂಚೆ ಬದಿಯ ಹೊಲಿಗೆ ಬಿಚ್ಚಿಸಿ, ಆ ಎರಡಕ್ಕೆ ಮಾತ್ರ ಹೊಸ ತುಪ್ಪುಳ ತುಂಬಿಸುತ್ತೇನೆ.